ಸುಳ್ಳು ಸೀಟಿ

ಮಗ್ಗದ ಶೆಡ್ಡಿನಲ್ಲಿ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ. ತುಟಿ ನೋಡುತ್ತಾರೆ. ಇಪ್ಪತ್ತನಾಲ್ಕು ಮಗ್ಗ ಒಮ್ಮೆಗೇ ಬಡಿಯುವ ಕಡೆ ಕಿವಿ ಎಂಬುದು ಬೀಡಿ ಸಿಕ್ಕಿಸಿಕೊಳ್ಳಲು ಇರುವ ಜಾಗ, ಅಷ್ಟೇ. ಹತ್ತು ವರ್ಷ ಅಲ್ಲಿ ನಿಂತವನು ಮನೆಗೆ ಬಂದರೂ ಹೆಂಡತಿಯ ತುಟಿಯನ್ನೇ ನೋಡುತ್ತಾನೆ. ಪಾಪ, ಅವಳು ಪ್ರೀತಿ ಅಂದುಕೊಳ್ಳುತ್ತಾಳೆ.

ಸಾಗರ ಅಂಬಿಗೇರ ಅಲ್ಲಿ ನಿಂತು ಹನ್ನೊಂದು ವರ್ಷವಾಗಿತ್ತು. ಗಡಿಯಾಚೆ ಇಚಲಕರಂಜಿಯ ಯುವರಾಜ ಶೇಟ್‌ನ ಶೆಡ್ಡು ಅದು. ಅವನ ಪಾಲಿಗೆ ಆರು ಮಗ್ಗ, ರಾತ್ರಿ ಪಾಳಿ, ಹನ್ನೆರಡು ತಾಸು. ಕೂರುವಂತಿಲ್ಲ. ನೂಲು ಹರಿದರೆ ಗಂಟು ಹಾಕಬೇಕು, ಲಾಳಿಯೊಳಗಿನ ನೂಲಿನ ಕಂಡಿಕೆ ತೀರಿದರೆ ಇನ್ನೊಂದು ತುರುಕಬೇಕು. ಬೆಳಗಾಗುವ ಹೊತ್ತಿಗೆ ರೆಪ್ಪೆಯ ಮೇಲೆ ಹತ್ತಿಯ ದೂಳು ಕೂತು, ಮೂವತ್ತಾರರ ಗಂಡಸು ಅರವತ್ತರ ಮುದುಕನಾಗಿ ಹೊರಗೆ ಬರುತ್ತಿದ್ದ. ಮೊದಲು ಕೆಮ್ಮು, ಆಮೇಲೆ ಮಾತು. ಹೆಸರು ಸಾಗರ, ಸಮುದ್ರ ಕಂಡವನಲ್ಲ. ಗಡಹಿಂಗ್ಲಜದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಬಿ.ಎ. ಮುಗಿಸಿದ್ದ. ‘ಬಿ.ಎ. ಅಂದ್ರ ಬಿಟ್ಟಿ ಆಳು’ ಎಂದು ತಾನೇ ಹೇಳಿ ತಾನೇ ನಗುತ್ತಿದ್ದ.

ಅವನಿಗಿದ್ದ ಒಂದೇ ಆಸ್ತಿ ಗಂಟಲು. ಚಹಾದ ಬಿಡುವಿನಲ್ಲಿ ಅವನ ಸುತ್ತ ಹಮಾಲರು ಮುತ್ತಿಕೊಳ್ಳುತ್ತಿದ್ದರು. ಚಳಿಗೆ ಸ್ಟಾರ್ಟ್ ಆಗದ ಎಸ್.ಟಿ. ಬಸ್ಸು. ಮರಾಠಿಯಲ್ಲಿ ಭಾಷಣ ಶುರು ಮಾಡಿ, ಕನ್ನಡದವರ ಓಣಿ ಬಂದೊಡನೆ ಹರುಕು ಕನ್ನಡಕ್ಕೆ ಹೊರಳುವ ಮುಖಂಡ. ಫೋನಿನಲ್ಲಿ ವ್ಯಾಪಾರಿಗೊಂದು ದನಿ, ಆಳಿಗೊಂದು ದನಿ ತೆಗೆಯುವ ಯುವರಾಜ ಶೇಟ್. ಎಲ್ಲವೂ ಆ ಒಂದೇ ಗಂಟಲಿನಿಂದ ಬರುತ್ತಿದ್ದವು.

ಒಂದು ದನಿ ಮಾತ್ರ ಅವನದಲ್ಲ. ಅದು ಅಪ್ಪನದು.

ಅಪ್ಪ ಯಲಗೂರಪ್ಪ ಹೊಳೆಯ ಮನುಷ್ಯ. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಮುಳುಗಿದಾಗ ಹೆಂಡತಿಯನ್ನೂ ಮಗನನ್ನೂ ಕರೆದುಕೊಂಡು ಅದೇ ಕೃಷ್ಣೆಯ ಗುಂಟ ಮೇಲಕ್ಕೆ ಬಂದವನು. ಪಂಚಗಂಗೆ ಹರಿದುಬಂದು ಕೃಷ್ಣೆಗೆ ಸೇರುವ ಕುರುಂದವಾಡದ ಆಚೀಚೆ ನಿಂತ. ಯಾವುದೋ ಆಲೆಮನೆಯವರು ಬಿಸಾಕಿದ್ದ ದೊಡ್ಡ ಕಬ್ಬಿಣದ ಕೊಪ್ಪರಿಗೆ ಸಿಕ್ಕಿತು. ಬೆಲ್ಲ ಕಾಯಿಸಿ ಕಾಯಿಸಿ ತಳ ಸವೆದಿತ್ತು. ಆ ಸೀಮೆಯಲ್ಲಿ ಅದೇ ದೋಣಿ. ಅದರಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹುಟ್ಟು, ಒಂದು ಕೈಯಲ್ಲಿ ಬಲೆ ಹಿಡಿದು ಮೀನು ಹಿಡಿಯುತ್ತಿದ್ದ.

ಹೊಳೆ ತಿರುಗುವ ಕಡೆ ಒಂದು ಆಳವಾದ ಮಡು. ಮಡುವಿನಲ್ಲಿ ನೀರುನಾಯಿಗಳ ಸಂಸಾರ. ಕನ್ನಡದವರು ಅದನ್ನು ನೀರುನಾಯಿ ಎನ್ನುತ್ತಾರೆ, ಮರಾಠಿಯವರು ಪಾಣಮಾಂಜರ, ಅಂದರೆ ನೀರುಬೆಕ್ಕು ಎನ್ನುತ್ತಾರೆ. ಗಡಿ ದಾಟಿದರೆ ನಾಯಿ ಬೆಕ್ಕಾಗುತ್ತದೆ. ಕಾಗದಪತ್ರ ಇಲ್ಲದವರ ಗತಿಯೇ ಅಷ್ಟು. ಯಲಗೂರಪ್ಪ ನಾಲಿಗೆ ಮಡಚಿ ಸಣ್ಣದೊಂದು ಸೀಟಿ ಹಾಕುತ್ತಿದ್ದ. ಮರಿಯನ್ನು ಕರೆಯುವ ತಾಯಿ ನೀರುನಾಯಿಯ ದನಿ. ನಾಲ್ಕೈದು ತಲೆಗಳು ನೀರಿನಿಂದ ಮೇಲೇಳುತ್ತಿದ್ದವು. ಅವು ಕೆಳಗಿನಿಂದ ಮೀನು ಅಟ್ಟುತ್ತಿದ್ದವು, ಇವನು ಮೇಲೆ ಬಲೆ ಒಡ್ಡುತ್ತಿದ್ದ. ಬಲೆ ಎಳೆದ ಮೇಲೆ ಮೊದಲ ಮೀನು ಬಂಡೆಯ ಮೇಲೆ. ಅದು ಅವುಗಳ ಪಾಲು. ಮನೆಯಲ್ಲಿ ಒಲೆ ಹತ್ತದಿದ್ದ ದಿನವೂ ಆ ಪಾಲನ್ನು ಮನೆಗೆ ತಂದವನಲ್ಲ.

ಸೀಟಿಯನ್ನು ಮಗನಿಗೆ ಕಲಿಸುವಾಗ ಒಂದೇ ಮಾತು ಹೇಳಿದ್ದ. “ಕೈಯಾಗ ಮೀನ ಇಲ್ಲದ ಕರೀಬ್ಯಾಡ. ಕರದ ಮ್ಯಾಲೆ ಕೊಡಬೇಕ. ಇಲ್ಲಂದ್ರ ಅದು ಸುಳ್ಳ ಸೀಟಿ. ಹೊಳಿಗಿ ಸುಳ್ಳ ಹೇಳಿದಂವಗ ಮತ್ತ ಹೊಳಿ ಇಲ್ಲ.”

ಹೊಳೆಯೇ ಇಲ್ಲದಂತಾಯಿತು, ಆ ಮಾತು ಬೇರೆ. ಊರಿನ ಬಣ್ಣದ ಕಾರ್ಖಾನೆಗಳ ನೀರು ಹೊಳೆಗೆ ಬಿತ್ತು. ಬರುವ ಹಬ್ಬಕ್ಕೆ ಪುಣೆ ಮುಂಬೈಯ ಹೆಣ್ಣುಮಕ್ಕಳು ಯಾವ ಬಣ್ಣ ಉಡುತ್ತಾರೆ ಎಂಬುದು ಎಲ್ಲರಿಗಿಂತ ಮೊದಲು ಪಂಚಗಂಗೆಗೆ ಗೊತ್ತಾಗುತ್ತಿತ್ತು. ಬಲೆಗೆ ಬರೀ ಚಿಲಾಪಿ ಬೀಳತೊಡಗಿತು, ಎಂಥ ಹೊಲಸಿನಲ್ಲೂ ಬದುಕುವ ಕರಿ ಮೀನು. ಆಮೇಲೆ ಅದೂ ಕಡಿಮೆಯಾಯಿತು. ಯಲಗೂರಪ್ಪ ಕೊಪ್ಪರಿಗೆಯನ್ನು ಬೋರಲು ಹಾಕಿ, ಅದರ ಮೇಲೆ ಕೂತು ಕೂತೇ ತೀರಿಹೋದ. ಮಗ ಮಗ್ಗಕ್ಕೆ ಸೇರಿದ್ದ. ಆದರೂ ತಿಂಗಳಿಗೊಮ್ಮೆ ಚಿಲಾಪಿಯೊಂದನ್ನು ಹಿಡಿದುಕೊಂಡು ಮಡುವಿಗೆ ಹೋಗುತ್ತಿದ್ದ. ಸೀಟಿ ಹಾಕುತ್ತಿದ್ದ. ಕೊಟ್ಟು ಬರುತ್ತಿದ್ದ.

ತಪ್ಪು ನಡೆದದ್ದು ಗಣಪತಿ ಹಬ್ಬದಲ್ಲಿ. ಅವನು ವಾಸವಿದ್ದ ಕೊರೋಚಿಯ ಗಣಪತಿ ಮಂಡಳದವರು ನಕಲು ದನಿಯ ಸ್ಪರ್ಧೆ ಇಟ್ಟಿದ್ದರು. ಸಾಗರ ಬಸ್ಸು ಮಾಡಿದ, ಮುಖಂಡನನ್ನು ಮಾಡಿದ, ಜನ ಸೀಟು ಬಿಟ್ಟು ಎದ್ದರು. ಇನ್ನೊಂದು, ಇನ್ನೊಂದು ಎಂದರು. ಚಪ್ಪಾಳೆ ತಲೆಗೇರಿತು. ಕೈಯಲ್ಲಿ ಮೈಕು ಹಿಡಿದು, ಮೀನಿಲ್ಲದೆ, ಅಪ್ಪನ ಸೀಟಿ ಹಾಕಿದ. ಮೊದಲ ಬಹುಮಾನ ಗೋಡೆ ಗಡಿಯಾರ. ಯಾರೋ ತೆಗೆದ ವಿಡಿಯೊ ನಲವತ್ತು ಸಾವಿರ ಜನ ನೋಡಿದರು. ತಾಯಿ ಸಾವಕ್ಕ ಎಂಟು ದಿನ ಮಗನ ಜತೆ ಮಾತಾಡಲಿಲ್ಲ. ಗಡಿಯಾರವನ್ನು ಗೋಡೆಯ ಕಡೆ ಮುಖ ಮಾಡಿ ತೂಗುಹಾಕಿದಳು. ಆ ಮನೆಯಲ್ಲಿ ಟೈಮು ಬೆನ್ನು ತೋರಿಸಿಕೊಂಡೇ ಓಡುತ್ತಿತ್ತು.

ಫೆಬ್ರವರಿಯ ಒಂದು ಮುಂಜಾನೆ ಪಾಳಿ ಬಿಡುವ ಹೊತ್ತಿಗೆ ಯುವರಾಜ ಶೇಟ್ ಅವನನ್ನು ಕೋಣೆಗೆ ಕರೆಸಿದ. ಮಗ್ಗದ ಶೆಡ್ಡು ಅವನದೇ, ಹೊಳೆದಂಡೆಯ ಬಣ್ಣದ ಕಾರ್ಖಾನೆಯೂ ಅವನದೇ.

“ಕಾಯ ರೇ ಕಲಾಕಾರ, ಬಸ ಬಸ,” ಎಂದ ಶೇಟ್. ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೂರು ಎಂದು ಕುರ್ಚಿ ತೋರಿಸಿದ. ಸಾಗರ ಕೂರಲಿಲ್ಲ. ಮೈಮೇಲಿನ ಹತ್ತಿ ಕುರ್ಚಿಗೆ ಹತ್ತಿದರೆ ಒರೆಸುವವನೂ ತಾನೇ.

“ನಿನ್ನ ವಿಡಿಯೊ ನೋಡಿದ್ನಿ. ಏಕದಮ ಝಕಾಸ. ಆ ಪಾಣಮಾಂಜರ ನಿನ್ನ ಸೀಟಿ ಕೇಳಿ ಖರೇನ ಬರ್ತಾವೇನ?”

“ಅಪ್ಪನ ಸೀಟಿರಿ ಅದು. ಬರ್ತಾವ್ರಿ.”

“ಚಲೋ ಆತು. ನಮ್ಮ ಖಡಸಿ ಎಲ್ಲಾ ತಿಂದ ಮುಗಿಸ್ಯಾವ ಅವು.”

ಖಡಸಿ ಅಂದರೆ ಬಂಗಾರ ಬಣ್ಣದ, ಅಂಗೈಯಗಲ ಹುರುಪೆಯ ದೊಡ್ಡ ಮೀನು. ಯಲಗೂರಪ್ಪನ ಕಾಲಕ್ಕೆ ಒಂದೊಂದು ಎರಡು ವರ್ಷದ ಕೂಸಿನಷ್ಟು ತೂಗುತ್ತಿತ್ತು. ಹೊಳೆ ತುಂಬ ಇದ್ದಾಗ ಅದನ್ನು ಯಾರೂ ಕೇಳಲಿಲ್ಲ. ಅಳಿದುಹೋಗುವ ಜಾತಿಗಳ ಪಟ್ಟಿಗೆ ಸೇರಿದ ಮೇಲೆ ಅದಕ್ಕೆ ಭಾರಿ ಮರ್ಯಾದೆ ಬಂತು. ಹೊಳೆ ಕೆಡಿಸಿದವರೆಂಬ ಬೈಗುಳ ಹೆಚ್ಚಾದಾಗ ಶೇಟ್ ಒಂದು ಮೀನುರಕ್ಷಣೆಯ ಸಮಿತಿ ಕಟ್ಟಿದ. ದೀಪಾವಳಿ ಮುಗಿದ ವಾರ ಬ್ಯಾಂಡು ಬಾರಿಸಿ, ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಹನ್ನೆರಡು ಸಾವಿರ ಖಡಸಿ ಮರಿ ತರಿಸಿ ಹೊಳೆಗೆ ಬಿಟ್ಟ. ‘ಖಡಸಿ ನಮ್ಮ ತಾಯಿ’ ಎಂದು ಭಾಷಣ ಮಾಡಿದ. ಹಾರ, ಫೋಟೊ, ಪೇಪರು. ಜನವರಿಯಲ್ಲಿ ಹೊಳೆ ಇಳಿಯಿತು, ಕಾರ್ಖಾನೆಯ ಪೈಪಿನಿಂದ ಬೀಳುವ ಬಣ್ಣದ ನೀರು ಇಳಿಯಲಿಲ್ಲ. ಒಂದು ಮುಂಜಾನೆ ಹನ್ನೆರಡು ಸಾವಿರ ತಾಯಂದಿರು ಹೊಟ್ಟೆ ಮೇಲೆ ಮಾಡಿ ತೇಲಿದರು.

ಸಮಿತಿಗೆ ಕಾರಣ ಬೇಕಿತ್ತು. ಪೈಪಿಗೆ ಹಲ್ಲಿರಲಿಲ್ಲ. ನೀರುನಾಯಿಗೆ ಇದ್ದವು.

“ಅವನ್ನ ಸ್ಥಳಾಂತರ ಮಾಡೋದೈತಿ,” ಎಂದ ಶೇಟ್. “ಬಿಲದಾಗ ಅಡಗಿ ಕುಂದರ್ತಾವ, ಬಲಿಗಿ ಸಿಗವಲ್ಲವು. ನೀ ಕರದು ಹೊರಗ ತಗಿ. ಮುಂದಿಂದ ನಮ್ಮ ಮಂದಿ ನೋಡ್ಕೋತಾರ.”

“ಎಲ್ಲಿಗ್ರಿ ಸ್ಥಳಾಂತರ?”

“ದೂರ.”

“ದೂರ ಅಂದ್ರ ಎಲ್ಲಿರಿ?”

ಕೋಣೆಯ ಮೂಲೆಯಲ್ಲಿ ಹೊಸ ಬಡಿಗೆಗಳ ಒಂದು ಕಟ್ಟು ಗೋಡೆಗೆ ಆತು ನಿಂತಿತ್ತು. ಸಾಗರ ಅದನ್ನು ನೋಡಿದ. ಸಾಗರ ನೋಡಿದ್ದನ್ನು ಶೇಟ್ ನೋಡಿದ. ದೂರ ಎಂದರೆ ಎಷ್ಟು ದೂರ ಎಂದು ಇಬ್ಬರಿಗೂ ತಿಳಿಯಿತು.

“ಬರೋ ಬೇಸ್ತವಾರ ಮುಂಜಾನಿ. ಶುಕ್ರವಾರದಿಂದ ನಿನಗ ಹಗಲ ಪಾಳಿ,” ಎಂದು ಶೇಟ್ ಫೋನು ಎತ್ತಿಕೊಂಡ. ಅದು ವ್ಯಾಪಾರಿಯ ಫೋನು. ದನಿ ಬದಲಾಯಿತು.

ಹಗಲ ಪಾಳಿ. ಸಣ್ಣ ಮಾತಲ್ಲ. ಸಾಗರನ ಹೆಂಡತಿ ರೂಪಾಲಿ ಅದೇ ಶೆಡ್ಡಿನಲ್ಲಿ ಹಗಲು ಕಂಡಿಕೆ ಸುತ್ತುತ್ತಿದ್ದಳು. ಅವಳು ಒಳಗೆ ಹೋಗುವಾಗ ಇವನು ಹೊರಗೆ. ಇವನು ಒಳಗೆ ಹೋಗುವಾಗ ಅವಳು ಹೊರಗೆ. ಅವರ ಆರು ವರ್ಷದ ಸಂಸಾರ ನಡೆದದ್ದು ಗೇಟಿನಲ್ಲಿ.

ಸಂಜೆ ಕೊರೋಚಿಯ ಒಂದೇ ಕೋಣೆಯ ಮನೆಯಲ್ಲಿ ಸಾಗರ ಶೂ ಕಟ್ಟಿಕೊಳ್ಳುತ್ತ ವಿಷಯ ಹೇಳಿದ. ನೂಲು ತೀರಿದ್ದರಿಂದ ಅವತ್ತು ರೂಪಾಲಿ ಬೇಗ ಬಂದಿದ್ದಳು. ನೂಲು ಕೊಯ್ದ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

“ಒಂದ ಸೀಟೀಗಿ ಏನ ಹೋಗತೈತ್ರಿ ನಿಮ್ಮದು?” ಎಂದಳು. “ಆರ ವರ್ಷ ಆತು, ಗಂಡನ ಮಾರಿ ಗೇಟಿನಾಗ ನೋಡಾಕತ್ತೇನಿ. ನಿಮಗಿಂತ ಹೆಚ್ಚ ಆ ವಾಚಮನ್ ನನ್ನ ನೋಡ್ಯಾನ.”

“ಅವಂಗೂ ಒಂದ ಸೀಟಿ ಐತಿ,” ಎಂದ ಸಾಗರ.

“ಚಾಷ್ಟಿ ಬ್ಯಾಡ್ರಿ. ಅವು ಪ್ರಾಣಿ ಅದಾವು. ನಾವ ಮನಶ್ಯಾರು.”

ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಸಾವಕ್ಕ ಎಲೆ ಅಡಿಕೆಯನ್ನು ದವಡೆಯ ಒಂದು ಕಡೆಗೆ ಸರಿಸಿದಳು.

“ಏನೋ ಅಂದಿ, ಏನ ಮಾಡ್ತಾರಂತ?”

“ಸ್ಥಳಾಂತರ ಅವ್ವಾ.”

“ಹೌದಪ್ಪ. ನಮ್ಮನ್ನೂ ಅದ ಮಾಡಿದ್ರು. ಅದ ಶಬ್ದ ಬರದಿದ್ರು ಕಾಗದದಾಗ. ನಿಮ್ಮಪ್ಪ ಆವತ್ತ ಸತ್ತ. ಹೆಣ ಬೀಳಾಕ ಇಪ್ಪತ್ತ ವರ್ಷ ಹಿಡೀತು, ಅಷ್ಟ.”

ರೂಪಾಲಿ ಎಣ್ಣೆಯ ಬಾಟಲಿಯ ಮುಚ್ಚಳ ಹಾಕಿದಳು. ಅದು ಸರಿಯಾಗಿ ಕೂತರೂ ಮತ್ತೆ ತೆಗೆದು ಮತ್ತೆ ಹಾಕಿದಳು.

“ಹಂಗಾರ ಬ್ಯಾಡ ಬಿಡ್ರಿ,” ಎಂದಳು ಕೊನೆಗೆ. “ಗೇಟ ಐತಲ್ಲ ನಮಗ.”

ಮರುದಿನ ಪಾಳಿ ಮುಗಿಸಿ ಮಲಗದೆ ಸಾಗರ ಮಡುವಿಗೆ ಹೋದ. ದಂಡೆಯ ಹೊಲದಲ್ಲಿ ಧೋಂಡಿಬಾ ಕಾಕಾ ಕುರಿ ಮಂದೆ ತರುಬಿ ನಿಲ್ಲಿಸಿದ್ದ. ಗಡಿಯ ಹಳ್ಳಿಯ ಕುರಿಗಾರ, ಅಪ್ಪನ ಜತೆಗಾರ. ನೀರುನಾಯಿಗಳು ಬಂಡೆಯ ಮೇಲೆ ಹಾಕಿದ ಹಿಕ್ಕೆಯನ್ನು ಇಬ್ಬರೂ ಕಡ್ಡಿಯಿಂದ ಕೆದರಿದರು. ಏಡಿಯ ಚಿಪ್ಪು. ಚಿಲಾಪಿಯ ಸಣ್ಣ ಕರಿ ಹುರುಪೆ. ಖಡಸಿಯ ಬಂಗಾರ ಎಲ್ಲೂ ಇಲ್ಲ.

“ಇದನ್ನ ತಗೊಂಡು ಕೊಲ್ಲಾಪುರಕ್ಕ ಹೋಗ್ತೀನಿ ಕಾಕಾ. ದೊಡ್ಡ ಆಫೀಸಿನಾಗ ತೋರಸ್ತೀನಿ.”

“ಹೇಲ ತೋರಸಾಕ ಹೊಂಟಿ,” ಎಂದ ಧೋಂಡಿಬಾ. ನಗಲಿಲ್ಲ. “ಸಾಗರ, ಶೇಟ್‌ನ ಮಂದಿ ನನ್ನ ಎರಡೂ ನಾಯಿ ಕೇಳ್ಯಾರ ಬೇಸ್ತವಾರಕ್ಕ. ಕೊಡೂದಿಲ್ಲ ಅಂದ್ರ ಕುರಿ ಎಲ್ಲಿ ನಿಲ್ಲಸ್ಲಿ? ಹೊಲ ಅವರದು. ಹೊಳಿ ನೀರ ಕುಡದು ಈ ವರ್ಷ ಒಂಬತ್ತ ಕುರಿ ದಿನ ತುಂಬದ ಕಂದ ಹಾಕಿದ್ವು. ಅದನ್ನ ಯಾರಿಗಿ ತೋರಸ್ಲಿ ನಾ?”

ಕೊಲ್ಲಾಪುರದ ಆ ಸರಕಾರಿ ಕಚೇರಿಯಲ್ಲಿ ಫ್ಯಾನು ತಿರುಗುತ್ತಿತ್ತು, ಫೈಲು ತಿರುಗುತ್ತಿರಲಿಲ್ಲ. ಸಾಗರ ಮೂರು ತಾಸು ನಿಂತ. ನಿಲ್ಲುವುದು ಅವನಿಗೆ ಹೊಸದಲ್ಲ. ಸರದಿ ಬಂದಾಗ ಅರ್ಜಿ ಕೊಟ್ಟ. ಎರಡು ಪುಟ, ಬಿ.ಎ. ಓದಿದ ಕನ್ನಡದಲ್ಲಿ, ಚಿತ್ತು ಕಾಟು ಇಲ್ಲದೆ ಬರೆದಿದ್ದ. ಕಾರಕೂನ ಅದನ್ನು ತಲೆಕೆಳಗೆ ಹಿಡಿದು ನೋಡಿದ, ನೇರ ಹಿಡಿದು ನೋಡಿದ. ಎರಡೂ ಕಡೆಯಿಂದ ಅವನಿಗೆ ಒಂದೇ ಆಗಿ ಕಂಡಿತು.

“ಮರಾಠೀತ ಲಿಹೂನ ಆಣಾ.”

ಸಾಗರ ಅಲ್ಲೇ ನೆಲದ ಮೇಲೆ ಕೂತು ಮರಾಠಿಯಲ್ಲಿ ಬರೆದ. ಮತ್ತೆ ಸಾಲಿಗೆ ನಿಂತ. ಮತ್ತೆ ಸರದಿ ಬಂತು. ಅರ್ಜಿಯ ಜತೆ ಪ್ಲಾಸ್ಟಿಕ್ ಚೀಲ ಇಟ್ಟ.

“ಹೇ ಕಾಯ ಆಹೆ?”

“ಪುರಾವೆ, ಸಾಹೇಬ. ಹಿಕ್ಕಿ. ಯಾತ ಖಡಸಿ ನಾಹೀ,” ಎಂದ ಸಾಗರ, ಇದು ಸಾಕ್ಷಿ, ಇದರಲ್ಲಿ ಖಡಸಿ ಇಲ್ಲ ಎಂದು.

ಕಾರಕೂನ ಕುರ್ಚಿಯಿಂದ ಎದ್ದೇಬಿಟ್ಟ. ಮೂಗು ಮುಚ್ಚಿಕೊಂಡು ಚೀಲವನ್ನು ಕಡತದ ಅಂಚಿನಿಂದ ನೆಲಕ್ಕೆ ತಳ್ಳಿದ. ಚೀಲ ಬಿಚ್ಚಿತು. ಏಡಿಚಿಪ್ಪು, ಹುರುಪೆ, ಒಣ ಹಿಕ್ಕೆ ಫರ್ಶಿಯ ಮೇಲೆ ಹರಡಿದವು. ಸಾಲಿನಲ್ಲಿದ್ದವರು ಹಿಂದೆ ಸರಿದರು. ಯಾರೋ ‘ಕಾನಡೀ ದಿಸತೋಯ’ ಎಂದರು, ಕನ್ನಡದವನಂತೆ ಕಾಣುತ್ತಾನೆ ಎಂದು. ಇನ್ನಾರೋ ನಕ್ಕರು.

ಒಳಗಿನಿಂದ ಸಾಹೇಬರು ಬಂದರು. ಒಳ್ಳೆಯ ಮಾತಿನವರು. ಯಾವ ಪ್ರಾಣಿಯನ್ನೂ ಕೊಲ್ಲುವುದಿಲ್ಲ, ಕೊಂದರೆ ಕಾಯ್ದೆ ಸುಮ್ಮನಿರುತ್ತದೆಯೇ, ಇದು ಬರೀ ಸ್ಥಳಾಂತರ, ಸಮಿತಿಯಲ್ಲಿ ತಿಳಿದವರಿದ್ದಾರೆ ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದರು. ಸಾಗರನ ಕಣ್ಣು ಅವರ ತುಟಿಯ ಮೇಲಿತ್ತು. ಹೋಗುವಾಗ ಸಾಹೇಬರು ಫರ್ಶಿ ತೋರಿಸಿದರು.

ಸಾಗರ ಮಂಡಿಯೂರಿ ಕೂತ. ಅಂಗೈಯಿಂದ ಬಳಿದು ಬಳಿದು ಚೀಲಕ್ಕೆ ತುಂಬಿದ. ಕಾರಕೂನ ಕಾಲೆತ್ತಿ ಅಡಿಯದನ್ನೂ ತೋರಿಸಿದ. ಅದನ್ನೂ ಬಳಿದ. ಅರ್ಜಿ ಮೇಜಿನ ಮೇಲೆ ಇತ್ತು. ಮುದ್ರೆ ಬೀಳಲಿಲ್ಲ. ರಾತ್ರಿ ಪಾಳಿಗೆ ಹೊತ್ತಾಗಿತ್ತು. ಬಸ್ಸು ಹಿಡಿದ.

ಬೇಸ್ತವಾರ ಬಂತು.

ಮಡುವಿನ ದಂಡೆಯಲ್ಲಿ ಶೇಟ್‌ನ ಜೀಪು, ಬಣ್ಣದ ಕಾರ್ಖಾನೆಯ ಎಂಟು ಆಳು, ಎಂಟು ಬಡಿಗೆ. ಹೊಳೆಯಲ್ಲಿ ಅಡ್ಡಲಾಗಿ ಎರಡು ಬಲೆ. ಪಂಜರ ಒಂದೂ ಇರಲಿಲ್ಲ. ಧೋಂಡಿಬಾ ನಾಯಿಗಳ ಸರಪಳಿ ಹಿಡಿದು ಬೆನ್ನು ತಿರುಗಿಸಿ ನಿಂತಿದ್ದ. ನೀರು ಅವತ್ತು ನೇರಳೆ ಬಣ್ಣಕ್ಕಿತ್ತು.

ಸಾಗರ ಬಂದ. ಬರದಿದ್ದರೆ ಮನೆಗೇ ಜೀಪು ಬರುತ್ತಿತ್ತು. ಅದಲ್ಲದೆ ಇಲ್ಲ ಎಂಬುದನ್ನು ಹೊಳೆಯ ಎದುರಿಗೇ ಹೇಳಬೇಕೆಂದು ಅವನಿಗೆ ಅನಿಸಿತ್ತು.

“ಹೂಂ ಕಲಾಕಾರ,” ಎಂದ ಶೇಟ್. “ಕರಿ ಆ ಮೀನ ಕೊಲ್ಲೂ ಪ್ರಾಣೀನ.”

ಸಾಗರ ಬಂಡೆ ಹತ್ತಿದ. ಎರಡೂ ಕೈ ಬಾಯಿಗೆ ಹಿಡಿದ. ಉಸಿರು ಎಳೆದುಕೊಂಡ. ಕೆಮ್ಮು ಬಂತು, ನುಂಗಿದ.

ಭೋಂಗಾ ಕೂಗಿತು.

ಬಣ್ಣದ ಕಾರ್ಖಾನೆಯ, ಪಾಳಿಗೆ ಆಳು ಕರೆಯುವ ಭೋಂಗಾ. ತಳದಲ್ಲಿ ಗುರುಗುಟ್ಟಿ, ಮೇಲಕ್ಕೆ ಏರಿ, ತುದಿಯಲ್ಲಿ ಸ್ವಲ್ಪ ಸೀಳಿ ನಿಲ್ಲುವ ಅದೇ ಕೂಗು. ಎಂಟೂ ಆಳುಗಳ ಬಾಯಿಯ ಬೀಡಿ ನೆಲಕ್ಕೆ ಬಿತ್ತು. ಎಂಟೂ ತಲೆ ಕಾರ್ಖಾನೆಯ ಕಡೆ ತಿರುಗಿತು. ಒಬ್ಬ ಎರಡು ಹೆಜ್ಜೆ ಓಡಿಯೂ ಬಿಟ್ಟ. ಭೋಂಗಾ ನಿಂತಿತು. ಆಮೇಲೆ ಪೈಪಿನ ಸದ್ದು, ಸಾಗರನ ಗಂಟಲಿನ ಆಳದಿಂದ. ದಪ್ಪ ನೀರು ಗಳಗಳ ಬಿದ್ದು, ಗುಳುಗುಳು ಹೊಳೆಗೆ ಇಳಿಯುವ ಸದ್ದು. ಆಮೇಲೆ ಒಂದು ದನಿ, ದೀಪಾವಳಿಯಲ್ಲಿ ಎಲ್ಲರೂ ಕೇಳಿದ್ದ ದನಿ: “ಬಂಧೂಂನೋ! ಖಡಸಿ ನಮ್ಮ ತಾಯಿ!”

ಓಡಿದ್ದ ಆಳು ಫಕ್ಕನೆ ನಕ್ಕ. ಉಳಿದವರು ತುಟಿ ಕಚ್ಚಿದರು.

“ಕರದೇನ್ರಿ,” ಎಂದ ಸಾಗರ. “ಮೀನ ಕೊಲ್ಲೂ ಪ್ರಾಣಿ ಕರಿ ಅಂದ್ರಿ. ಬಂದೈತಿ. ಇಲ್ಲೇ ನಿಂತೈತಿ. ಬಡೀರಿ.”

ಶೇಟ್‌ನ ಏಟು ಕಿವಿಯ ಮೇಲೆ ಬಿತ್ತು. ಮಗ್ಗ ಉಳಿಸಿದ್ದ ಆ ಕಿವಿಯೊಳಗೆ ಗುಂಯ್ ಎಂದಿತು. ಎರಡನೆಯ ಏಟಿಗೆ ಬಂಡೆಯಿಂದ ಕೆಳಗೆ ಬಿದ್ದ. ಬಾಯಲ್ಲಿ ಮರಳು. ಮೂರನೆಯದು ಕಾಲಿನಿಂದ, ಪಕ್ಕೆಗೆ.

“ನಾಲಾಯಕ! ನಿನ್ನ ಹೊಟ್ಟಿಗಿ ಹಾಕಿದಾಂವ ನಾ.”

“ನಾ ಸೀಟಿ ಹಾಕೂದಿಲ್ಲ. ಕಡದ್ರೂ ಹಾಕೂದಿಲ್ಲ.”

“ಹಾಕಬ್ಯಾಡ,” ಎಂದ ಶೇಟ್. ಕೈ ಒರೆಸಿಕೊಂಡ. ದನಿ ತಣ್ಣಗಾಗಿತ್ತು, ಅದು ವ್ಯಾಪಾರಿಯ ದನಿ. “ಮನಶ್ಯಾ ಕರದ್ರ ಲಗೂನ ಬರ್ತಾವಂತ ನಿನ್ನ ಕರಸಿದ್ನಿ. ನಿನ್ನ ಮಾನ ಇಡೂಣು ಅಂತ. ಏ, ಹಚ್ಚೋ ಅದನ್ನ.”

ಜೀಪಿನ ಹಿಂದಿನಿಂದ ಮಂಡಳದ ಸ್ಪೀಕರ್ ಪೆಟ್ಟಿಗೆ ಇಳಿಯಿತು. ಒಬ್ಬ ಫೋನು ತೆಗೆದ, ವಿಡಿಯೊ ಹುಡುಕಿದ. ಮೊದಲು ಚಪ್ಪಾಳೆ ಕೇಳಿಸಿತು. ಗಣಪತಿಯ ಚಪ್ಪಾಳೆ. ಅದರ ಹಿಂದೆ ಸಾಗರನ ಬಾಯಿಯಿಂದ ಸಾಗರನ ಅಪ್ಪ ಸೀಟಿ ಹಾಕಿದ.

“ಬ್ಯಾಡ್ರೋ!” ಎಂದು ಸಾಗರ ಚೀರಿದ. ಎದ್ದ. ಇಬ್ಬರು ಅವನ ತೋಳು ತಿರುಚಿ ಮರಳಿಗೆ ಒತ್ತಿ ಹಿಡಿದರು. ಹಿಡಿದವರಲ್ಲಿ ಒಬ್ಬ ಈಗಷ್ಟೇ ನಕ್ಕವನು. “ಸುಮ್ಮನ ಬೀಳೋ ಮಾರಾಯಾ, ನಮಗೂ ಮಕ್ಕಳದಾವ,” ಎಂದು ಕಿವಿಯಲ್ಲಿ ಬೇಡಿಕೊಂಡ. ಸಾಗರ ಕೂಗಿದ. ಭೋಂಗಾದಂತೆ ಕೂಗಿದ, ನಾಯಿಯಂತೆ ಬೊಗಳಿದ, ಹೆದರಿಸಿ ಓಡಿಸಲು ಗಂಟಲಿಗೆ ಗೊತ್ತಿದ್ದ ಎಲ್ಲ ಸದ್ದೂ ಮಾಡಿದ. ಸ್ಪೀಕರ್ ದೊಡ್ಡದು. ಗಂಟಲು ಸಣ್ಣದು.

ಮೊದಲು ಒಂದು ತಲೆ ಮೇಲೆದ್ದಿತು. ಆಮೇಲೆ ಎರಡು. ಆಮೇಲೆ ಮರಿಗಳು. ನೇರಳೆ ನೀರಿನಲ್ಲಿ ಆರು ತಲೆ. ದಂಡೆಗೆ ಬಂದವು. ಬಂಡೆ ಹತ್ತಿದವು. ದೊಡ್ಡದು ಬಂಡೆಯ ಮೇಲೆ ಪಾಲಿನ ಜಾಗವನ್ನು ಮೂಸಿತು. ಮೀನಿರಲಿಲ್ಲ. ತಲೆ ಎತ್ತಿ ಕರೆದವರನ್ನು ಹುಡುಕಿತು.

ಬಡಿಗೆ ಇಳಿದವು.

ಅವು ಓಡಲಿಲ್ಲ ಮೊದಲಿಗೆ. ಸೀಟಿ ಇನ್ನೂ ಕೂಗುತ್ತಿತ್ತಲ್ಲ. ಸ್ಪೀಕರ್ ಅದೇ ವಿಡಿಯೊವನ್ನು ಮತ್ತೆ ಮತ್ತೆ ಹಾಡುತ್ತಿತ್ತು. ಚಪ್ಪಾಳೆ, ಸೀಟಿ. ಚಪ್ಪಾಳೆ, ಸೀಟಿ. ತಲೆಬುರುಡೆ ಒಡೆಯುವ ಸದ್ದು ಹಸಿ ತೆಂಗಿನಕಾಯಿಯದ್ದಲ್ಲ, ಯಾವುದರದ್ದೂ ಅಲ್ಲ. ಎಲ್ಲ ಸದ್ದನ್ನೂ ನಕಲು ಮಾಡುವವನು ಆ ಸದ್ದನ್ನು ಯಾವತ್ತೂ ಮಾಡಲಾರ. ನೀರಿಗೆ ಬಿದ್ದದ್ದನ್ನು ಧೋಂಡಿಬಾನ ನಾಯಿ ಎಳೆದು ತಂದವು. ಐ‌ದು. ಸಾಲಾಗಿ ಮಲಗಿಸಿದರು. ಆರನೆಯದು, ಒಂದು ಮರಿ, ಬಲೆಯ ಹರುಕಿನಲ್ಲಿ ನುಸುಳಿತು.

“ಒಂದ ಉಳೀತು,” ಎಂದ ಶೇಟ್. “ಸೋಮವಾರ ಮತ್ತ ಪೆಟಗಿ ತಗೊಂಡ ಬರ್ರಿ.” ಐದನ್ನೂ ಗೋಣಿಯಲ್ಲಿ ಹಾಕಿ, ಕಲ್ಲು ಕಟ್ಟಿ, ಮಡುವಿಗೇ ಬಿಟ್ಟರು. ಸ್ಥಳಾಂತರ ಹತ್ತು ಮಾರು ದೂರದಲ್ಲಿ ಮುಗಿಯಿತು.

ಸಾಗರನ ಕೆಲಸ ಹೋಯಿತು. ಸಂಜೆಗೆ ರೂಪಾಲಿಯದೂ ಹೋಯಿತು. ಈಗ ಗೇಟೂ ಇಲ್ಲ. ಧೋಂಡಿಬಾ ಕುರಿ ಎಬ್ಬಿಸಿಕೊಂಡು ಯಾರಿಗೂ ಹೇಳದೆ ಹೋದ. ಸಾಗರ ಸಾಕ್ಷಿಗೆಂದು ಶೆಡ್ಡಿನವರನ್ನು, ಆಳುಗಳನ್ನು, ಪೇಪರಿನವರನ್ನು ಕೇಳಿದ. ಎಲ್ಲರೂ ಅವನ ತುಟಿ ನೋಡಿದರು. ಯಾರಿಗೂ ಏನೂ ಕೇಳಿಸಲಿಲ್ಲ. ಬೇಸ್ತವಾರದ ಸಂಜೆಯೇ ಎಲ್ಲರ ಫೋನಿಗೂ ಸಮಿತಿಯಿಂದ ಖಡಸಿಯ ಹೊಸ ಮರಿ ಬಿಡುವ ತಾರೀಕು ಬಂದಿತ್ತು.

ಶುಕ್ರವಾರ ಬೆಳಗ್ಗೆ ಸಾವಕ್ಕ ಗಂಡನ ಹಳೆಯ ಬಲೆ ಬಿಚ್ಚಿದಳು. ಎಪ್ಪತ್ತರ ಹೆಂಗಸು ಮೊಣಕಾಲ ಮಟ ಹೊಳೆಯಲ್ಲಿ ನಿಂತು, ಮಧ್ಯಾಹ್ನದ ಹೊತ್ತಿಗೆ ಒಂದು ಚಿಲಾಪಿ ಹಿಡಿದಳು. ಕಾಲು ಕೆಂಪಗೆ ಉರಿ ಎದ್ದಿದ್ದವು. ಮೀನನ್ನು ಮಗನ ಕೈಗೆ ಇಟ್ಟಳು.

“ಐದಕ್ಕ ನಾವು ಸುಳ್ಳ ಆದೀವಿ. ಆ ಒಂದಕ್ಕರೆ ಕೊಟ್ಟ ಬಾ.”

ಸಾಗರ ಮಡುವಿಗೆ ಹೋದ. ಬಂಡೆಯ ಮೇಲೆ ರಕ್ತ ಒಣಗಿ ನೊಣ ಕೂತಿತ್ತು. ಎಡಗೈಯಲ್ಲಿ ಮೀನು. ಸೀಟಿ ಹಾಕಿದ. ಬಹಳ ಹೊತ್ತಾದ ಮೇಲೆ ಆಪು ಹುಲ್ಲಿನ ಸಂದಿಯಿಂದ ಸಣ್ಣ ತಲೆ ಹೊರಬಂತು. ಬಂತು. ಅಷ್ಟೆಲ್ಲ ಆದ ಮೇಲೂ ಬಂತು. ಕರೆದರೆ ಬರಬೇಕು ಎಂಬುದನ್ನು ಅದರ ಅಜ್ಜನ ಅಜ್ಜನಿಗೆ ಯಲಗೂರಪ್ಪ ಕಲಿಸಿದ್ದ.

ಸಾಗರ ಮೀನು ಎಸೆಯಲು ಕೈ ಎತ್ತಿದ. ಸೋಮವಾರ ನೆನಪಾಯಿತು. ಕೈ ಇಳಿಸಿದ.

ಬಗ್ಗಿ ಒಂದು ಕಲ್ಲು ತೆಗೆದುಕೊಂಡ. ಹೊಡೆದ. ಕಲ್ಲು ಮರಿಯ ಪಕ್ಕದ ನೀರಿಗೆ ಬಿತ್ತು. ಅದು ಆಟವೆಂದು ತಿಳಿದು ಇನ್ನೂ ಹತ್ತಿರ ಬಂತು. ಇನ್ನೊಂದು ಕಲ್ಲು. ಅದು ತಾಗಿತು. ಮರಿ ಕುಂಯ್ ಎಂದು ಮುಳುಗಿತು. ಸಾಗರ ಕೂತ. ಉಸಿರು ಸುಧಾರಿಸಿಕೊಂಡ. ಮತ್ತೆ ಸೀಟಿ ಹಾಕಿದ. ಮತ್ತೆ ತಲೆ ಮೇಲೆದ್ದಿತು. ಮತ್ತೆ ಕಲ್ಲು.

ಅಪ್ಪ ಇಪ್ಪತ್ತು ವರ್ಷದಲ್ಲಿ ಕಲಿಸಿದ್ದನ್ನು ಮಗ ಮೂರು ದಿನದಲ್ಲಿ ಮರೆಸಬೇಕಿತ್ತು. ಶನಿವಾರ ಮುಂಜಾನೆಯಿಂದ ಕತ್ತಲಾಗುವವರೆಗೆ ಸೀಟಿ ಮತ್ತು ಕಲ್ಲು. ತುಟಿ ಒಡೆಯಿತು. ಹಳೆಯ ಏಟಿನ ಪಕ್ಕೆ ಪ್ರತಿ ಸೀಟಿಗೂ ಚುಚ್ಚಿತು. ರವಿವಾರ ಬೆಳಗ್ಗೆ ಒಂದು ಸಲ ಬಂತು, ದೂರ ನಿಂತಿತು, ನೋಡಿತು. ಕಲ್ಲು ಎತ್ತಿದೊಡನೆ ಹೋಯಿತು. ಆಮೇಲೆ ಬರಲಿಲ್ಲ. ಸಾಗರ ಇನ್ನೂ ಇಪ್ಪತ್ತು ಸಲ ಕರೆದ. ಮಡು ಅಲುಗಲಿಲ್ಲ. ಕಲಿತು ಹೋಯಿತೋ, ಕಲ್ಲು ತಾಗಿ ಹೋಯಿತೋ, ಹೇಳುವವರು ಯಾರಿದ್ದರು.

ಸಂಜೆ ಮನೆಗೆ ಬಂದ. ತಾಯಿ ದಿನಾ ಒಂದೊಂದು ಹಿಡಿದು ಕೊಟ್ಟಿದ್ದಳು. ಇವತ್ತಿನ ಮೀನು ಕೈಯಲ್ಲೇ ಇತ್ತು. ಮೊದಲೆರಡು ಬಿಸಿಲಿಗೆ ನಾತ ಹಿಡಿದು ಹದ್ದಿನ ಪಾಲಾಗಿದ್ದವು.

“ಬಂತೇನೋ?” ಎಂದಳು ಸಾವಕ್ಕ.

“ಇಲ್ಲವ್ವ.”

“ಕರದಿ?”

“ಕರದೆ.”

“ಚಲೋ ಆತು,” ಎಂದಳು. ಉರಿಯುವ ಕಾಲು ಮಡಚಿಕೊಂಡು ಮತ್ತೆ ಎಂದಳು, “ಚಲೋ ಆತು ಬಿಡು.”

ರೂಪಾಲಿ ಜೋಳದ ಹಿಟ್ಟಿನ ಡಬ್ಬಿಯನ್ನು ಬೋರಲು ಮಾಡಿ ತಳ ಬಡಿಯುತ್ತಿದ್ದಳು. ಒಂದು ರೊಟ್ಟಿಗಾಗುವಷ್ಟು ಹಿಟ್ಟು ಬಿತ್ತು. ಅತ್ತೆಯ ಮುಖ ನೋಡಿದಳು. ಅತ್ತೆ ಮೀನಿನ ಮುಖ ನೋಡಿದಳು. ಆಮೇಲೆ ಸಾವಕ್ಕ ಎದ್ದು, ಈಳಿಗೆಮಣೆ ಎಳೆದುಕೊಂಡು, ಹುರುಪೆ ಕೆರೆಯತೊಡಗಿದಳು. ಸಾಗರ ಬೇಡ ಎನ್ನಲು ಬಾಯಿ ತೆರೆದ. ಒಡೆದ ತುಟಿ ಒರೆಸಿಕೊಂಡು ಒಲೆಗೆ ಕಟ್ಟಿಗೆ ತುರುಕಿದ.

ಸಾರು ಕುದಿಯಿತು. ಮೀನಿಗೆ ಬಣ್ಣದ ನೀರಿನ ವಾಸನೆ ಇತ್ತು. ಉಪ್ಪು ಹೆಚ್ಚು ಹಾಕಿದರೂ ಹೋಗಲಿಲ್ಲ. ಆ ಮನೆಯಲ್ಲಿ ಮೊದಲ ಸಲ ನೀರುನಾಯಿಯ ಪಾಲು ತಟ್ಟೆಗೆ ಬಂತು. ಮೂವರೂ ತಲೆ ತಗ್ಗಿಸಿ ಕೂತರು.

ತಿಂದರು.